ಗ್ಯಾರೇಜ್ ಮಾತು: ವ್ಯಾಗನ್ ಆರ್ ಹೊಸದೋ, ಹಳೆಯದೋ?

ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಒಂದೇ ಕಾರಿನ, ಮಾರುತಿಯ ವ್ಯಾಗನ್ ಆರ್ ಬಗ್ಗೆ ಇವೆ. ಹಾಗಾಗಿ ಬೈಕಿನವರು, ಪಿಕಪ್‌ನವರು ಮುಂದಿನ ಸಂಚಿಕೆಯವರೆಗೆ ಸ್ವಲ್ಪ ತಾಳಿಕೊಳ್ಳಿ. ಹೊಸ ಓದುಗರಿಗೆ ನನ್ನ ಪರಿಚಯ ಇಷ್ಟೇ: ಕೊಡಗಿನ ಗೋಣಿಕೊಪ್ಪದಲ್ಲಿ ಮೂವತ್ತೊಂದು ವರ್ಷ ಗ್ಯಾರೇಜ್ ನಡೆಸಿದೆ. ಈಗ ಮಗ ನೋಡಿಕೊಳ್ಳುತ್ತಾನೆ. ನಾನು ಸ್ಟೂಲ್ ಹಾಕಿಕೊಂಡು ಕೂತು ಅವನಿಗೆ ಸಲಹೆ ಕೊಡುತ್ತೇನೆ, ಅವನು ಕೇಳುವುದಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತೇನೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮನೆ ಕಕ್ಕಬ್ಬೆ ಕಡೆ. ಡಾಂಬರು ರಸ್ತೆಯಿಂದ ಮನೆಗೆ ಮುಕ್ಕಾಲು ಕಿಲೋಮೀಟರ್ ಮಣ್ಣಿನ ದಾರಿ, ನಡುವೆ ಒಂದು ಏರು ತಿರುವು. ಯಜಮಾನರಿಗೆ ಮೊಣಕಾಲಿನ ಆಪರೇಷನ್ ಆಗಿದೆ, ತಗ್ಗಿನ ಕಾರಿಗೆ ಹತ್ತಿ ಇಳಿಯಲು ಕಷ್ಟ. ಶುಕ್ರವಾರ ಮಡಿಕೇರಿ ಸಂತೆ, ಎರಡು ತಿಂಗಳಿಗೊಮ್ಮೆ ಮೈಸೂರಿನ ಮಗಳ ಮನೆ, ಇಷ್ಟೇ ಓಡಾಟ. ನಮ್ಮ ಮುಂದೆ ಮೂರು ಗಾಡಿ ಇವೆ. 1.2 ಲೀಟರ್ ಎಂಜಿನ್ನಿನ ಹೊಸ ವ್ಯಾಗನ್ ಆರ್, ಎಲ್ಲ ಸೇರಿ 7 ಲಕ್ಷ ಚಿಲ್ಲರೆ. ಮೈಸೂರಿನಲ್ಲಿ ಒಬ್ಬರೇ ಓಡಿಸಿದ 2020ರ 1.2, ಓಡಿದ್ದು 38,000 ಕಿ.ಮೀ., ಕೇಳುವುದು 4 ಲಕ್ಷ 25 ಸಾವಿರ. ಪಕ್ಕದ ತೋಟದವರ 2013ರ ಗಾಡಿ, 1 ಲಕ್ಷ 90 ಸಾವಿರ. ಮಗ ಮಾತ್ರ "ಅದು ಬ್ರೆಡ್ ಡಬ್ಬಿ, ಯಾವುದೂ ಬೇಡ" ಅನ್ನುತ್ತಾನೆ. ಏನು ಮಾಡಲಿ?

ಉತ್ತರ: ಟೀಚರೇ, ಮೊದಲು ಮಗನ ಮಾತಿಗೆ ಬರೋಣ. ಡಬ್ಬಿ ಅನ್ನುವುದೇನೋ ನಿಜ. ಆದರೆ ಸುಮ್ನೆ ಡಬ್ಬಿ ಆಗಿದ್ದಲ್ಲ. 1993ರಲ್ಲಿ ಜಪಾನಿನಲ್ಲಿ ಈ ಕಾರು ಹುಟ್ಟಿದಾಗ ಅಲ್ಲಿನ ಸಣ್ಣ ಕಾರುಗಳಿಗೆ ಉದ್ದ, ಅಗಲ, ಎಂಜಿನ್ ಎಲ್ಲಕ್ಕೂ ಸರಕಾರದ ಮಿತಿ ಇತ್ತು. ಎಂಜಿನ್ 660 ಸಿಸಿ ದಾಟುವಂತಿರಲಿಲ್ಲ. ಅಕ್ಕಪಕ್ಕ ಜಾಗ ಇಲ್ಲದವರು ಮೇಲೆ ಮಹಡಿ ಕಟ್ಟುವ ಹಾಗೆ ಇದನ್ನೂ ಮೇಲಕ್ಕೆ ಬೆಳೆಸಿದರು. ನಮ್ಮ ದೇಶಕ್ಕೆ ಬಂದಿದ್ದು 1999ರ ಕೊನೆಗೆ, ದೊಡ್ಡ ಎಂಜಿನ್ ಹಾಕಿಕೊಂಡು. ಆಗ ನಮ್ಮ ಗ್ಯಾರೇಜಿಗೆ ಮೊದಲನೆಯದು ಬಂದಾಗ ಹುಡುಗರೆಲ್ಲ ನಕ್ಕಿದ್ದರು. ಈಗಿನ ರೂಪ 2019ರ ಜನವರಿಯದು. ಅಗಲ 1,620 ಮಿಲಿಮೀಟರ್, ಎತ್ತರ 1,675. ಅಗಲಕ್ಕಿಂತ ಎತ್ತರವೇ ಜಾಸ್ತಿ!

ಈ ಎತ್ತರವೇ ನಿಮ್ಮ ಯಜಮಾನರಿಗೆ ಬೇಕಾಗಿರುವುದು. ಸೀಟು ಹೆಚ್ಚು ಕಡಿಮೆ ಸೊಂಟದ ಮಟ್ಟಕ್ಕೇ ಬರುತ್ತದೆ. ಕೂರುವಾಗ ಕುಸಿಯಬೇಕಾಗಿಲ್ಲ, ಏಳುವಾಗ ಬಾಗಿಲು ಹಿಡಿದು ಜಗ್ಗಬೇಕಾಗಿಲ್ಲ. ಪಕ್ಕಕ್ಕೆ ತಿರುಗಿ ಕೂತರೆ ಆಯಿತು, ಕಾಲು ಆಮೇಲೆ ಒಳಗೆ ತಂದುಕೊಳ್ಳಬಹುದು. ನಮ್ಮ ಕಡೆಯ ಮದುವೆಗಳಿಗೆ ಮಂಡೆ ತುಣಿ (ಪೇಟ) ಕಟ್ಟಿಕೊಂಡು ಹೊರಟ ಹಿರಿಯರು ತಲೆ ತಗ್ಗಿಸದೆ ಕೂರುವ ಸಣ್ಣ ಕಾರು ನಾನು ಕಂಡ ಹಾಗೆ ಇದೊಂದೇ. ಹಿಂದೆ ಸಾಮಾನಿಗೆ 341 ಲೀಟರ್ ಜಾಗ. ಲೀಟರ್ ಲೆಕ್ಕ ನಮಗೆ ಯಾಕೆ, 25 ಕೆಜಿಯ ಎರಡು ಅಕ್ಕಿ ಮೂಟೆ, ಸಂತೆಯ ಚೀಲ, ಒದ್ದೆ ಕೊಡೆ, ರಬ್ಬರ್ ಬೂಟು ಎಲ್ಲ ಹಿಡಿಸುತ್ತದೆ. ಆದರೂ ನನ್ನ ಮಾತಿನ ಮೇಲೆ ತೆಗೆದುಕೊಳ್ಳಬೇಡಿ. ದರದ ಮಾತಿಗೆ ಮೊದಲು ಯಜಮಾನರನ್ನು ಕರೆದುಕೊಂಡು ಹೋಗಿ ಮುಂದಿನ ಸೀಟಿಗೆ ಹತ್ತು ಸಲ ಹತ್ತಿಸಿ ಇಳಿಸಿ. ಹತ್ತನೆಯ ಸಲ ಅವರು ಗೊಣಗಿದರೆ ಈ ಕಾರು ಬೇಡ.

ಎತ್ತರದ ಇನ್ನೊಂದು ಮುಖವನ್ನೂ ಹೇಳಬೇಕು. ತಿರುವಿನಲ್ಲಿ ಗಾಡಿ ವಾಲುತ್ತದೆ. ಟಯರ್ ಸಣ್ಣವು. ಸಂಪಾಜೆ ಘಾಟಿಯಲ್ಲಿ ಜೀಪು ಓಡಿಸಿದ ಕೈಗೆ ಇದೇನೂ ಹೊಸದಲ್ಲ, ತಗ್ಗಿನ ಕಾರು ಓಡಿಸಿ ಬಂದವರಿಗೆ ಮೊದಲ ವಾರ ಹೊಟ್ಟೆ ತೊಳಸುತ್ತದೆ. ನಿಧಾನಕ್ಕೆ ತಿರುಗಿಸಿ, ಇಳಿಜಾರಿನಲ್ಲಿ ಎರಡನೇ ಗೇರ್, ಅಷ್ಟೇ. ಬ್ರೇಕ್ ಒತ್ತಿಕೊಂಡೇ ಘಾಟಿ ಇಳಿಯುವವರ ಗಾಡಿ ಕೆಳಗೆ ಮುಟ್ಟುವಾಗ ಸುಟ್ಟ ವಾಸನೆ ಬರುತ್ತದೆ ಅಲ್ವಾ, ಆ ಸಾಲಿಗೆ ಸೇರಬೇಡಿ.

ಎಂಜಿನ್ ವಿಷಯದಲ್ಲಿ ನೀವು 1.2 ನೋಡಿದ್ದು ಸರಿಯಾಯಿತು. ಇದರಲ್ಲಿ ಎರಡು ಎಂಜಿನ್ ಇವೆ. 998 ಸಿಸಿಯದಕ್ಕೆ ಮೂರು ಸಿಲಿಂಡರ್, 1,197 ಸಿಸಿಯದಕ್ಕೆ ನಾಲ್ಕು. ಸಣ್ಣದಕ್ಕೆ 67 ಪಿಎಸ್ ಆಸುಪಾಸು ಶಕ್ತಿ. ದೊಡ್ಡದಕ್ಕೆ 2020ರ ಗಾಡಿಯಲ್ಲಿ 83, 2022ರ ನಂತರದ್ದರಲ್ಲಿ 90. ಇದೆಲ್ಲ ಸಮುದ್ರ ಮಟ್ಟದ ಲೆಕ್ಕ. ಮೇಲೆ ಹೋದ ಹಾಗೆ ಗಾಳಿ ತೆಳುವಾಗುತ್ತದೆ, ಟರ್ಬೊ ಇಲ್ಲದ ಎಂಜಿನ್ ಸಾವಿರ ಮೀಟರಿಗೆ ಹತ್ತರಲ್ಲಿ ಒಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಮಡಿಕೇರಿ ಸಾವಿರ ಮೀಟರಿಗೂ ಮೇಲಿದೆ. ಅಂದರೆ ಸಣ್ಣ ಎಂಜಿನ್ನಿಗೆ ಇಲ್ಲಿ ಉಳಿಯುವುದು ಅರವತ್ತು. ಇಬ್ಬರೇ ಇದ್ದರೆ ನಡೆಯುತ್ತದೆ. ಹುತ್ತರಿ ಹಬ್ಬಕ್ಕೆ ಮಗಳು, ಅಳಿಯ, ಮಕ್ಕಳು, ಬ್ಯಾಗು ಎಲ್ಲ ತುಂಬಿಕೊಂಡು ಏರು ಹತ್ತುವಾಗ ಮೊದಲನೇ ಗೇರಿನಲ್ಲಿ ಅರಚುತ್ತದೆ. ಪೆಟ್ರೋಲ್ ಬಗ್ಗೆ ಒಂದು ಮಾತು: ಕಂಪನಿಯ ಪುಸ್ತಕದಲ್ಲಿ ಲೀಟರಿಗೆ 23, 24 ಅಂತ ಇರುತ್ತದೆ. ನಮ್ಮ ಏರುತಗ್ಗಿನಲ್ಲಿ 15, 16 ಬಂದರೆ ಗಾಡಿ ಚೆನ್ನಾಗಿದೆ ಅಂತಲೇ ತಿಳಿಯಿರಿ.

ಈಗ ಸಿಹಿಯಲ್ಲದ ವಿಷಯ. ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಕಾರುಗಳನ್ನು ಗುದ್ದಿಸಿ ಪರೀಕ್ಷೆ ಮಾಡುತ್ತದೆ. 2019ರಲ್ಲಿ ಇದಕ್ಕೆ ಸಿಕ್ಕಿದ್ದು ಎರಡು ಸ್ಟಾರ್. ನಿಯಮ ಬಿಗಿಯಾದ ಮೇಲೆ 2023ರಲ್ಲಿ ದೊಡ್ಡವರ ರಕ್ಷಣೆಗೆ ಒಂದು, ಮಕ್ಕಳದ್ದಕ್ಕೆ ಸೊನ್ನೆ. 2019ರದ್ದರಲ್ಲಿ ಇದ್ದಿದ್ದು ಡ್ರೈವರ್ ಏರ್‌ಬ್ಯಾಗ್ ಮಾತ್ರ, 2023ರದ್ದರಲ್ಲಿ ಎರಡು. 2025ರಿಂದ ಹೊಸ ವ್ಯಾಗನ್ ಆರ್ ಗಾಡಿಗಳಿಗೆಲ್ಲ ಆರು ಏರ್‌ಬ್ಯಾಗ್ ಬರುತ್ತಿವೆ, ಒಳ್ಳೆಯದೇ. ಆದರೆ ಗಾಳಿಚೀಲ ಹೆಚ್ಚಾದರೆ ತಗಡು ಗಟ್ಟಿಯಾಗುವುದಿಲ್ಲ. ಮೊಮ್ಮಕ್ಕಳು ದಿನಾ ಕೂರುವ ಕಾರು ಆಗಿದ್ದರೆ ನಾನು ನಿಮಗೆ ಟಾಟಾ ಪಂಚ್ ನೋಡಿ ಅನ್ನುತ್ತಿದ್ದೆ. ಅದೂ ಡಬ್ಬಿಯೇ, ನೆಲದಿಂದ 187 ಮಿಲಿಮೀಟರ್ ಎತ್ತರ, 2021ರ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ಐದು ಸ್ಟಾರ್. ನಿಮ್ಮ ಓಡಾಟ ನಿಧಾನದ್ದು, ವಾರಕ್ಕೊಂದು ಸಲದ್ದು. ಹಾಗಾಗಿ ವ್ಯಾಗನ್ ಆರ್ ಬೇಡ ಅನ್ನಲಾರೆ. ಹಿಂದೆ ಕೂತವರೂ ಬೆಲ್ಟ್ ಹಾಕಲೇಬೇಕು ಅಂತ ಮಾತ್ರ ಹೇಳುತ್ತೇನೆ.

ಮೂರರಲ್ಲಿ 2013ರದ್ದನ್ನು ಬಿಟ್ಟುಬಿಡಿ. ಪಕ್ಕದ ತೋಟದವರಿಗೆ ಬೇಸರವಾದರೂ ಪರವಾಗಿಲ್ಲ. ಆ ಕಾಲದ ಹೆಚ್ಚಿನವುಗಳಲ್ಲಿ ಏರ್‌ಬ್ಯಾಗೂ ಇಲ್ಲ, ಎಬಿಎಸ್ಸೂ ಇಲ್ಲ. ಎಬಿಎಸ್ ಅಂದರೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ. ಎಬಿಎಸ್ ಕಡ್ಡಾಯವಾಗಿದ್ದೇ 2019ರ ಏಪ್ರಿಲ್‌ನಲ್ಲಿ. ಮಳೆಗಾಲದಲ್ಲಿ ಎಲೆ ಬಿದ್ದು ಕೊಳೆತ ಡಾಂಬರಿನ ಮೇಲೆ ಎಬಿಎಸ್ ಇಲ್ಲದ ಸಣ್ಣ ಟಯರಿನ ಕಾರು ಹೇಗೆ ಜಾರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮೇಲಾಗಿ 2028ಕ್ಕೆ ಅದಕ್ಕೆ ಹದಿನೈದು ವರ್ಷ ತುಂಬುತ್ತದೆ. ಆಮೇಲೆ ಎಫ್‌ಸಿ ಮಾಡಿಸಿ, ಆರ್‌ಸಿ ಐದೈದು ವರ್ಷಕ್ಕೆ ಮುಂದುವರಿಸಿಕೊಳ್ಳಬೇಕು.

ಹೊಸದರ ಪರವಾಗಿ ಒಂದು ಬಲವಾದ ಮಾತಿದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಎಷ್ಟೋ ಬ್ರೋಕರ್‌ಗಳು ಇನ್ನೂ ಹಳೆಯ ಗಾಡಿಗೆ ಹಳೆಯ ಲೆಕ್ಕದಲ್ಲೇ ದರ ಹೇಳುತ್ತಾರೆ. ಎರಡು ಮೂರು ವರ್ಷದ ಗಾಡಿಯಾಗಿದ್ದರೆ ನಾನು ಕಣ್ಣು ಮುಚ್ಚಿ ಹೊಸದು ಅನ್ನುತ್ತಿದ್ದೆ. ಆದರೆ ನೀವು ವರ್ಷಕ್ಕೆ ಆರೇಳು ಸಾವಿರ ಕಿಲೋಮೀಟರ್ ಓಡಿಸಿದರೆ ಹೆಚ್ಚು. ಹೊಸದಕ್ಕೆ ಲೈಫ್ ಟ್ಯಾಕ್ಸೇ ನೂರಕ್ಕೆ 14, ಅದರ ಮೇಲೆ ಸೆಸ್. 2020ರ ಮೈಸೂರಿನ ಗಾಡಿಗೆ ಆ ತೆರಿಗೆ ಆಗಲೇ ಕಟ್ಟಿ ಆಗಿದೆ. ಹಾಗಾಗಿ ನನ್ನ ಓಟು ಮೈಸೂರಿನದ್ದಕ್ಕೆ. ಅದು ಮೈಸೂರಿನದ್ದು ಅನ್ನುವುದೂ ಒಂದು ಕಾರಣ. ನಮ್ಮಲ್ಲಿ ಓಡಿದ ಗಾಡಿಯ ಹೊಟ್ಟೆಯಡಿ ಕೆಂಪು ಮಣ್ಣು ಮೆತ್ತಿಕೊಂಡು ತಿಂಗಳುಗಟ್ಟಲೆ ಒದ್ದೆಯಾಗಿಯೇ ಇರುತ್ತದೆ, ತುಕ್ಕು ಅಲ್ಲಿಂದಲೇ ಶುರು. ಮೈಸೂರಿನ ಬಿಸಿಲಿಗೆ ಆ ಕಾಟ ಕಡಿಮೆ. 4 ಲಕ್ಷ 25 ಸಾವಿರ ಮಾತ್ರ ಕೊಡಬೇಡಿ. 3 ಲಕ್ಷ 80ರಿಂದ ಮಾತು ಶುರು ಮಾಡಿ, 4ರ ಒಳಗೆ ಮುಗಿಸಿ.

ಆದರೆ ನೋಡದೆ ಮುಂಗಡ ಕೊಡಬೇಡಿ. ಯಾಕೆ ಹೇಳುತ್ತೇನೆ ಅಂದರೆ ನಾನೇ ಮೋಸ ಹೋಗಿದ್ದೇನೆ. ಮೂವತ್ತು ವರ್ಷ ಸ್ಪ್ಯಾನರ್ ಹಿಡಿದವನು! 2019ರ ಮೊದಲ ತಿಂಗಳುಗಳಲ್ಲಿ ಒಬ್ಬ ಬ್ರೋಕರ್ ಹತ್ತಿರ 2012ರ ಬೆಳ್ಳಿ ಬಣ್ಣದ ವ್ಯಾಗನ್ ಆರ್ ತೆಗೆದುಕೊಂಡೆ. ಎಂಜಿನ್ ಗಡಿಯಾರದ ಹಾಗೆ ಓಡುತ್ತಿತ್ತು. ಸೀಟಿಗೆ ಹೊಸ ಕವರ್, ಒಳಗೆ ಮಲ್ಲಿಗೆ ಸೆಂಟು. ಎಂಜಿನ್ ಮಾತ್ರ ಕೇಳಿ ಮನಸೋತೆ. ಬೇಸಿಗೆ ಸುಖವಾಗಿ ಕಳೆಯಿತು. ಜೂನ್ ಮಳೆ ಹಿಡಿದು ನಾಲ್ಕನೇ ದಿನ ಮನೆಯವಳು "ಇದರಲ್ಲಿ ಹೊಳೆಯ ವಾಸನೆ ಬರ್ತದೆ" ಅಂದಳು. ನಾನು ಸುಮ್ನೆ ನಕ್ಕೆ. ಒಂದು ವಾರಕ್ಕೆ ಪವರ್ ವಿಂಡೋ ನಿಂತಿತು, ಆಮೇಲೆ ಲಾಕ್, ಆಮೇಲೆ ಮೀಟರಿನ ದೀಪಗಳು ಒಂದೊಂದೇ. ಬಾಗಿಲಿನ ಪ್ಯಾಡ್ ಬಿಚ್ಚಿದರೆ ಒಳಗೆ ನುಣ್ಣನೆಯ ಹೊಳೆ ಮರಳು, ಒಂದು ಒಣಗಿದ ಬಿದಿರೆಲೆ. 2018ರ ಆಗಸ್ಟಿನ ನೀರಿನಲ್ಲಿ ಎಲ್ಲೋ ಮುಳುಗಿದ ಗಾಡಿ. ಕುಶಾಲನಗರದ್ದೋ, ಘಟ್ಟದ ಕೆಳಗಿನದ್ದೋ ಇವತ್ತಿಗೂ ತಿಳಿಯಲಿಲ್ಲ. ವೈರಿಂಗ್ ಪೂರ್ತಿ ಬದಲಾಯಿಸಿದೆ. ಮಗ ಅದನ್ನು ಈಗಲೂ ಗಿರಾಕಿಗಳ ಮುಂದೆ ಹೇಳುತ್ತಾನೆ.

ಆವತ್ತಿನಿಂದ ನಾನು ಯಾವ ಹಳೆಯ ಗಾಡಿ ನೋಡಿದರೂ ಬಾನೆಟ್ ಆಮೇಲೆ. ಮೊದಲು ಸೀಟ್ ಬೆಲ್ಟನ್ನು ಪೂರ್ತಿ, ಕೊನೆ ಮುಟ್ಟುವವರೆಗೆ ಎಳೆಯುತ್ತೇನೆ. ಗಾಡಿ ತೊಳೆಯುವವರು ಎಲ್ಲ ತೊಳೆಯುತ್ತಾರೆ, ಒಳಗೆ ಸುತ್ತಿಕೊಂಡ ಆ ಕೊನೆಯ ಒಂದು ಗೇಣನ್ನು ತೊಳೆಯುವುದಿಲ್ಲ. ಅಲ್ಲಿ ಕೆಸರಿನ ಗೆರೆ ಕಂಡರೆ ನಮಸ್ಕಾರ ಹೇಳಿ ಹೊರಟುಬಿಡಿ. ಆಮೇಲೆ ಸ್ಟೆಪ್ನಿ ಎತ್ತಿ ಅದರ ಗುಂಡಿ ನೋಡಿ, ನೀರಿನ ಕಲೆ ಇದೆಯೇ ಅಂತ. ಕಾಲಿನ ಕಾರ್ಪೆಟ್ಟಿನ ಮೂಲೆ ಎತ್ತಿ ಕೈ ಒತ್ತಿ. ಸೀಟಿನ ಕೆಳಗಿನ ಬೋಲ್ಟು, ಸ್ಪ್ರಿಂಗಿಗೆ ತುಕ್ಕು ಹಿಡಿದಿದ್ದರೆ ಕೇಳಲೇಬೇಕು, ಒಳಗೆ ಮಳೆ ಬರುವುದಿಲ್ಲವಲ್ಲ.

ಗಾಡಿಯನ್ನು ರ್‍ಯಾಂಪಿಗೆ ಏರಿಸಿ ನೋಡದೆ ಬಿಡಬೇಡಿ. ಮೈಸೂರಿನಲ್ಲಿ ಯಾವ ವರ್ಕ್‌ಶಾಪಿನವರೂ ಐನೂರಕ್ಕೋ ಸಾವಿರಕ್ಕೋ ಏರಿಸಿ ತೋರಿಸುತ್ತಾರೆ. ಕೆಳಗೆ ಹೊಸ ಕಪ್ಪು ಅಂಡರ್‌ಕೋಟಿಂಗ್ ಹೊಡೆದಿದ್ದರೆ ಅನುಮಾನಪಡಿ, ತುಕ್ಕು ಮುಚ್ಚಲು ಅದಕ್ಕಿಂತ ಸುಲಭದ ದಾರಿ ಇಲ್ಲ. ಬಾಗಿಲ ಕೆಳಗಿನ ಅಂಚು, ಡಿಕ್ಕಿ ಬಾಗಿಲಿನ ಕೆಳತುದಿ, ಚಕ್ರದ ಗೂಡಿನ ಒಳಮಗ್ಗುಲು, ಈ ಮೂರು ಕಡೆ ಬೆರಳಾಡಿಸಿ. ಲೋವರ್ ಆರ್ಮಿನ ಬುಷ್ ಹರಿದಿದೆಯೇ, ಶಾಕ್ ಅಬ್ಸಾರ್ಬರ್ ಎಣ್ಣೆ ಕಾರುತ್ತಿದೆಯೇ ಎಂದು ಕೇಳಿ. ಇದ್ದರೂ ಹೆದರಬೇಡಿ, ದೊಡ್ಡ ಖರ್ಚಲ್ಲ, ದರ ಇಳಿಸಲು ಒಳ್ಳೆಯ ನೆಪ.

ಕ್ಲಚ್ ನೋಡಲು ಒಂದು ಹಳೆಯ ಉಪಾಯ ಇದೆ. ಸಮತಟ್ಟು ಜಾಗದಲ್ಲಿ, ಎದುರಿಗೆ ಯಾರೂ ಇಲ್ಲದಾಗ ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ ಕ್ಲಚ್ ನಿಧಾನಕ್ಕೆ ಬಿಡಿ. ಎಂಜಿನ್ ತಟ್ಟನೆ ಆಫ್ ಆಗಬೇಕು. ಆಗದೆ ಗೊರಗೊರ ಓಡುತ್ತಲೇ ಇದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಒಂದೇ ಸಲ ಮಾಡಿ, ಪದೇ ಪದೇ ಮಾಡಿದರೆ ಚೆನ್ನಾಗಿದ್ದ ಕ್ಲಚ್ಚೂ ಹಾಳು. ಟೈಮಿಂಗ್ ಬೆಲ್ಟ್ ಬದಲಿಸಿದ್ದಾರಾ ಎಂದು ಕೇಳಿ ಅಂತ ಯಾರಾದರೂ ಹೇಳಿಯಾರು, ಈ ಎಂಜಿನ್ನಿಗೆ ಬೆಲ್ಟ್ ಇಲ್ಲ, ಚೈನ್. ಅದರ ಚಿಂತೆ ಬೇಡ. 2020ರ ಗಾಡಿಯಲ್ಲಿ ಡ್ರೈವರ್ ಏರ್‌ಬ್ಯಾಗ್ ಎಲ್ಲದರಲ್ಲೂ ಇದೆ, ಪಕ್ಕದ ಸೀಟಿನದ್ದು ಎಲ್ಲ ಮಾದರಿಯಲ್ಲಿ ಇಲ್ಲ. ಯಜಮಾನರು ಕೂರುವುದು ಅಲ್ಲಿಯೇ. ಡ್ಯಾಶ್‌ಬೋರ್ಡ್ ಮೇಲೆ ಗುರುತು ಇದೆಯೇ ನೋಡಿ, ಇಲ್ಲದಿದ್ದರೆ ಬೇರೆ ಗಾಡಿ ಹುಡುಕೋಣ.

ಕಾಗದಪತ್ರ ಚುಟುಕಾಗಿ: ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ಸಾಲ ಬಾಕಿ ಇದೆಯೇ, ದಂಡ ಇದೆಯೇ ನೋಡಿ. ಹೆಸರು ಬದಲಾವಣೆಯ 29, 30ನೇ ಫಾರ್ಮಿಗೆ ಸಹಿ ಹಾಕಿಸಿಕೊಳ್ಳಿ. ಗಾಡಿ ಕೈ ಬದಲಾದ 14 ದಿನದೊಳಗೆ ಇನ್ಶೂರೆನ್ಸನ್ನು ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕಿ. ಅವರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಅದು ಗಾಡಿಯದ್ದಲ್ಲ, ಮಾಲೀಕರದ್ದು.

ಇನ್ನು ನಿಮ್ಮ ಕಾಗದದಲ್ಲಿ ನನ್ನ ಕಣ್ಣು ನಿಂತಿದ್ದು ಕಾರಿನ ಮೇಲೆ ಅಲ್ಲ, ಆ ಮುಕ್ಕಾಲು ಕಿಲೋಮೀಟರಿನ ಮೇಲೆ. ಈ ಕಾರಿಗೆ ನೆಲದಿಂದ ಇರುವ ಎತ್ತರ 165 ಮಿಲಿಮೀಟರ್, ಅದೂ ಖಾಲಿ ಇದ್ದಾಗ. ಐದು ಜನ ಕೂತರೆ ಇನ್ನೂ ಇಳಿಯುತ್ತದೆ. ಜೀಪು ಓಡಾಡಿ ಓಡಾಡಿ ಎರಡು ಕಡೆ ಹಳ್ಳ ಬಿದ್ದು ನಡುವೆ ದಿಬ್ಬ ಎದ್ದಿರುತ್ತದಲ್ಲ, ಆ ದಿಬ್ಬ ಇದರ ಹೊಟ್ಟೆಗೆ ಬಡಿಯುತ್ತದೆ. ನಾಲ್ಕು ಚಕ್ರಕ್ಕೂ ಶಕ್ತಿ ಇಲ್ಲ, ಮುಂದಿನ ಎರಡಕ್ಕೆ ಮಾತ್ರ. ಜುಲೈ, ಆಗಸ್ಟಿನ ಕಕ್ಕಡದ ಮಳೆಯಲ್ಲಿ ಆ ಏರು ತಿರುವಿನಲ್ಲಿ ಮುಂದಿನ ಚಕ್ರ ಸುಮ್ನೆ ಸುತ್ತುತ್ತದೆ. ಮಗಳ ಮನೆಯಿಂದ ರಾತ್ರಿ ಬಂದು, ಗಾಡಿಯನ್ನು ಕೆಳಗೇ ಬಿಟ್ಟು, ಜಿಗಣೆಯ ನಡುವೆ ಯಜಮಾನರನ್ನು ಮೊಣಕಾಲು ಹಿಡಿದುಕೊಂಡು ನಡೆಸುವುದಾದರೆ ಯಾವ ಕಾರು ತೆಗೆದುಕೊಂಡು ಏನು ಬಂತು? ಹಳೆಯ ಗಾಡಿ ತೆಗೆದುಕೊಂಡು ಉಳಿಯುವ ದುಡ್ಡಿನಲ್ಲಿ ಆ ತಿರುವಿಗಷ್ಟೇ ಎರಡು ಪಟ್ಟಿ ಕಾಂಕ್ರೀಟ್ ಹಾಕಿಸಿ. ಪೂರ್ತಿ ದಾರಿಗೆ ಬೇಡ. ಚಕ್ರ ಹೋಗುವ ಜಾಗಕ್ಕೆ ಒಂದೊಂದೂವರೆ ಅಡಿ ಅಗಲ, ಮೇಲೆ ಪೊರಕೆಯಿಂದ ಗೀರು ಎಳೆದಿರಲಿ, ಇಲ್ಲದಿದ್ದರೆ ಪಾಚಿ ಕಟ್ಟಿ ಜಾರುತ್ತದೆ. ಉಳಿದ ಕಡೆ ನಡುವಿನ ದಿಬ್ಬ ಕೆತ್ತಿಸಿ, ಚರಂಡಿ ಬಿಡಿಸಿ. ಕಾಫಿ ಕುಯ್ಲು ಮುಗಿದ ಮೇಲೆ, ಮಳೆಗೆ ಮುಂಚೆ ಮಾಡಿಸಿಕೊಂಡರೆ ಆಳುಗಳೂ ಸಿಗುತ್ತಾರೆ. ಗಾಡಿ ಅದರ ನಂತರ ತನ್ನಿ.

ಪ್ರಶ್ನೆ: ಕೇರಳದ ಇರಿಟ್ಟಿಯ ನೆಂಟರೊಬ್ಬರು 2019ರ 1 ಲೀಟರ್ ಗಾಡಿಯನ್ನು ಇಲ್ಲಿನ ದರಕ್ಕಿಂತ 40 ಸಾವಿರ ಕಡಿಮೆಗೆ ಕೊಡುತ್ತೇನೆ ಅನ್ನುತ್ತಾರೆ. ಕೆಎಲ್ ನಂಬರ್. ತೆಗೆದುಕೊಳ್ಳಲೇ? (ಅಂಗಡಿ ಮಾಲೀಕರು, ವಿರಾಜಪೇಟೆ)

ಉತ್ತರ: ನೆಂಟರನ್ನು ಉಳಿಸಿಕೊಳ್ಳಬೇಕಿದ್ದರೆ ಬೇಡ ಅನ್ನುವುದೇ ಒಳ್ಳೆಯದು. ಅಲ್ಲಿಂದ ಎನ್‌ಒಸಿ (ನಿರಾಕ್ಷೇಪಣೆ ಪತ್ರ) ತರಬೇಕು, ಇಲ್ಲಿ ಗಾಡಿಯ ವಯಸ್ಸಿನ ಲೆಕ್ಕದಲ್ಲಿ ಮತ್ತೆ ತೆರಿಗೆ ಕಟ್ಟಬೇಕು, ಮಡಿಕೇರಿಗೆ ನಾಲ್ಕು ಸಲ ಅಲೆದು ಕೆಎ 12 ನಂಬರ್ ಮಾಡಿಸಬೇಕು. ನಿಮ್ಮ 40 ಸಾವಿರ ಅಲ್ಲಿಗೇ ಮುಗಿಯಿತು, ಅಂಗಡಿ ಬಾಗಿಲು ಹಾಕಿದ ದಿನಗಳ ಲೆಕ್ಕ ಬೇರೆ. ಗಾಡಿ ಕರಾವಳಿ ಕಡೆ ಓಡಿದ್ದಾದರೆ ಅಲ್ಲಿನ ಉಪ್ಪುಗಾಳಿ ತಗಡಿಗೆ ಆಗುವುದಿಲ್ಲ. 2019ರ ಆಗಸ್ಟಿನಲ್ಲಿ ಉತ್ತರ ಕೇರಳದಲ್ಲೂ ನೀರು ನುಗ್ಗಿತ್ತು, ಮೇಲೆ ಹೇಳಿದ ಸೀಟ್ ಬೆಲ್ಟ್ ಪರೀಕ್ಷೆ ನೆನಪಿರಲಿ. ಇನ್ನೊಂದು: 2018ರ ನವೆಂಬರಿನಿಂದ 2019ರ ಅಕ್ಟೋಬರ್ ಮಧ್ಯದವರೆಗೆ ತಯಾರಾದ 1 ಲೀಟರ್ ಗಾಡಿಗಳನ್ನು ಪೆಟ್ರೋಲ್ ಪಂಪ್ ಪರೀಕ್ಷೆಗೆಂದು ಕಂಪನಿ 2020ರಲ್ಲಿ ವಾಪಸ್ ಕರೆದಿತ್ತು. ನೀವು ಎಲ್ಲಿಂದ ತೆಗೆದುಕೊಂಡರೂ ಆ ವರ್ಷದ ಗಾಡಿಯಾದರೆ ಚಾಸಿ ನಂಬರ್ ಕೊಟ್ಟು ಆ ಕೆಲಸ ಆಗಿದೆಯೇ ಎಂದು ಸರ್ವಿಸ್ ಸ್ಟೇಷನ್ನಿನಲ್ಲಿ ಕೇಳಿ. ಬಿಟ್ಟಿಯಾಗಿ ಹೇಳುತ್ತಾರೆ.

ಪ್ರಶ್ನೆ: ಸಿಎನ್‌ಜಿ ವ್ಯಾಗನ್ ಆರ್ ತೆಗೆದುಕೊಂಡರೆ ಉಳಿತಾಯ ಅಲ್ವಾ? (ವಿದ್ಯಾರ್ಥಿ, ಪೊನ್ನಂಪೇಟೆ)

ಉತ್ತರ: ದಿನಕ್ಕೆ ನೂರು ಕಿಲೋಮೀಟರ್ ಬಯಲುಸೀಮೆಯಲ್ಲಿ ಓಡಿಸುವವರಿಗೆ ಹೌದು. ನಿಮಗಲ್ಲ ತಮ್ಮಾ. ಡಿಕ್ಕಿಯನ್ನೆಲ್ಲ ಸಿಲಿಂಡರ್ ತಿನ್ನುತ್ತದೆ, ಶಕ್ತಿ 57 ಪಿಎಸ್‌ಗೆ ಇಳಿಯುತ್ತದೆ. ಮೊದಲು ಮನೆಯಿಂದ ಗ್ಯಾಸ್ ಬಂಕಿಗೆ ಎಷ್ಟು ದೂರ, ಎಷ್ಟು ಏರು ಅಂತ ಲೆಕ್ಕ ಹಾಕಿ, ಆಮೇಲೆ ಉಳಿತಾಯದ ಮಾತು.

ಪ್ರಶ್ನೆ: ಐವತ್ತೆರಡರಲ್ಲಿ ಡ್ರೈವಿಂಗ್ ಕಲಿತೆ. ಏರಿನಲ್ಲಿ ಗಾಡಿ ಹಿಂದಕ್ಕೆ ಬಂದರೆ ಕೈಕಾಲು ನಡುಗುತ್ತದೆ. ಆಟೊ ಗೇರ್ ತೆಗೆದುಕೊಳ್ಳಲೇ? (ಗೃಹಿಣಿ, ಸೋಮವಾರಪೇಟೆ)

ಉತ್ತರ: ತೆಗೆದುಕೊಳ್ಳಿ ಅಕ್ಕಾ, ಆದರೆ 2022 ಅಥವಾ ಆಮೇಲಿನದ್ದು. ಇದರ ಆಟೊ ಗೇರ್ ಅಂದರೆ ಮಾಮೂಲಿ ಗೇರ್ ಪೆಟ್ಟಿಗೆಯೇ, ಕ್ಲಚ್ ಒತ್ತುವ ಕೆಲಸವನ್ನು ಯಂತ್ರ ಮಾಡುತ್ತದೆ. ಹಾಗಾಗಿ ಹಳೆಯವು ಏರಿನಲ್ಲಿ ಬ್ರೇಕ್ ಬಿಟ್ಟ ಕೂಡಲೇ ಹಿಂದಕ್ಕೆ ಜಾರುತ್ತವೆ. 2022ರಿಂದ ಆಟೊ ಗೇರಿನವಕ್ಕೆ ಹಿಲ್ ಹೋಲ್ಡ್ ಕೊಟ್ಟಿದ್ದಾರೆ, ಬ್ರೇಕಿನಿಂದ ಕಾಲು ತೆಗೆದರೂ ಆಕ್ಸಿಲರೇಟರ್ ಒತ್ತಲು ಬೇಕಾದಷ್ಟು ಹೊತ್ತು ಹಿಡಿದುಕೊಳ್ಳುತ್ತದೆ. ಒಂದೇ ಎಚ್ಚರಿಕೆ: ಏರಿನಲ್ಲಿ ಆಕ್ಸಿಲರೇಟರ್ ಅರ್ಧ ಒತ್ತಿಕೊಂಡು ಗಾಡಿ ನಿಲ್ಲಿಸಬೇಡಿ, ಕ್ಲಚ್ ಸುಡುತ್ತದೆ. ಹ್ಯಾಂಡ್‌ಬ್ರೇಕ್ ಎಳೆಯಿರಿ. ಗೇರ್ ಬದಲಾಗುವಾಗ ತಲೆ ಒಂದು ಚೂರು ಮುಂದಕ್ಕೆ ತೂಗುತ್ತದೆ, ಅದು ದೋಷ ಅಲ್ಲ.

ಪ್ರಶ್ನೆ: ಹೊಸ ವ್ಯಾಗನ್ ಆರ್. ಶೆಡ್ಡಿನಲ್ಲಿ ಇಲಿ ಎರಡು ಸಲ ವೈರ್ ಕಡಿದಿದೆ. ಏನು ಮಾಡುವುದು? (ಕಾಫಿ ಬೆಳೆಗಾರರು, ಸುಂಟಿಕೊಪ್ಪ)

ಉತ್ತರ: ಶೆಡ್ಡಿನಲ್ಲಿ ಕಾಫಿ ಚೀಲ, ಭತ್ತ, ಕೋಳಿ ತೀನಿ ಇಟ್ಟಿದ್ದೀರಾ? ಮೊದಲು ಅದನ್ನು ಬೇರೆ ಕಡೆ ಇಡಿ. ರಾತ್ರಿ ಬಾನೆಟ್ ಎತ್ತಿ ಬಿಟ್ಟರೆ ಬೆಚ್ಚಗಿನ ಕತ್ತಲೆ ಸಿಗದೆ ಕೆಲವು ಹಿಂದಕ್ಕೆ ಹೋಗುತ್ತವೆ. ಹೊಗೆಸೊಪ್ಪಿನ ಕಟ್ಟು ತೂಗುಹಾಕುವವರೂ ಇದ್ದಾರೆ, ಮಳೆಗಾಲದಲ್ಲಿ ಅದು ಬೂಸ್ಟು ಹಿಡಿಯುತ್ತದೆ ಅಷ್ಟೇ. ಅಂಗಡಿಯ ಸ್ಪ್ರೇ ವಾರಕ್ಕೊಮ್ಮೆ ಹೊಡೆಯುತ್ತಿದ್ದರೆ ಮಾತ್ರ ಕೆಲಸ ಮಾಡುತ್ತದೆ. ನಾವು ಕೊನೆಗೆ ಬೆಕ್ಕು ಸಾಕಿದೆವು. ಅದು ಬಾನೆಟ್ ಮೇಲೆಯೇ ಮಲಗುತ್ತದೆ. ಬಣ್ಣದ ಮೇಲೆಲ್ಲ ಉಗುರಿನ ಗೆರೆ. ಇಲಿ ಮಾತ್ರ ಬಂದಿಲ್ಲ.